ವಾಸಿಯಾಗದ ಕಾಯಿಲೆಗೂ ಶುಶ್ರೂಷೆಯಿದೆ



ನರ್ಸ್ ಎಂದೊಡನೆ ನಿಮ್ಮ ಮನಸ್ಸಿಗೆ ಬರುವ ಚಿತ್ರ ಯಾವುದು? ಆಸ್ಪತ್ರೆಯ ವಾರ್ಡು, ಸಾಲಾಗಿ ಹಾಕಿದ ಮಂಚಗಳು, ಸೂಜಿ ಹಿಡಿದ ಕೈ, ಹತ್ತು ದಿನದಲ್ಲಿ ಗುಣವಾಗಿ ನಗುತ್ತ ಮನೆಗೆ ಹೊರಡುವ ರೋಗಿ. ಈ ಚಿತ್ರ ನಿಜವೇ. ಆದರೆ ಆಸ್ಪತ್ರೆಗೆ ಬಂದವರೆಲ್ಲರೂ ಗುಣವಾಗಿ ಹೊರಡುವುದಿಲ್ಲ. ಕೆಲವರ ಕಾಯಿಲೆ ಔಷಧಿಯ ಹಿಡಿತವನ್ನು ಮೀರಿ ಬೆಳೆದಿರುತ್ತದೆ. ಅಂಥವರ ಮನೆಯವರಿಗೆ ಒಂದು ದಿನ, "ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ. ಮನೆಗೆ ಕರೆದುಕೊಂಡು ಹೋಗಿ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ" ಎಂಬ ಮಾತು ಕೇಳಿಬರುತ್ತದೆ. ಮನೆಯವರು ತಲೆಯಾಡಿಸಿ ಹೊರಡುತ್ತಾರೆ. ಬಸ್ಸಿನಲ್ಲಿ ಕುಳಿತ ಮೇಲೆ ಅವರಿಗೆ ಪ್ರಶ್ನೆ ಏಳುತ್ತದೆ: ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಹೇಗೆ?

ಈ ಪ್ರಶ್ನೆಗೆ ಉತ್ತರವಾಗಿ ಬೆಳೆದ ವಿದ್ಯೆಯೇ ಪ್ಯಾಲಿಯೇಟಿವ್ ಕೇರ್. ಕನ್ನಡದಲ್ಲಿ ಇದನ್ನು ಉಪಶಮನ ಆರೈಕೆ ಎನ್ನುತ್ತೇವೆ. ಪ್ಯಾಲಿಯೇಟಿವ್ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ 'ಪ್ಯಾಲಿಯಂ'. ಹಾಗೆಂದರೆ ಮೈಮೇಲೆ ಹೊದೆಯುವ ಬಟ್ಟೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಾಗಿಯ ಮುಂಜಾನೆ ನಿಂತವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಕಂಬಳಿ ಹೊದ್ದರೆ ಚಳಿಗಾಲ ಮುಗಿದುಹೋಗುವುದಿಲ್ಲ, ಆದರೆ ಚಳಿ ತಡೆಯುವಂತಾಗುತ್ತದೆ. ವಾಸಿಯಾಗದ ಕಾಯಿಲೆಯಲ್ಲಿ ಈ ಆರೈಕೆಯ ಕೆಲಸವೂ ಅಷ್ಟೇ: ನೋವು, ಉಬ್ಬಸ, ವಾಂತಿ, ಹುಣ್ಣು, ಭಯ, ಇವುಗಳನ್ನು ಮನುಷ್ಯ ತಡೆದುಕೊಳ್ಳುವಂತೆ ತಗ್ಗಿಸುವುದು, ಇರುವ ದಿನಗಳನ್ನು ಘನತೆಯಿಂದ ಕಳೆಯಲು ನೆರವಾಗುವುದು. ಇಂಥ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಮನೆಯಂಥ ಆಸ್ಪತ್ರೆಗೆ ಹಾಸ್ಪಿಸ್ ಎಂದು ಹೆಸರು.

ಮನೆಮನೆಗೆ ಹೋಗಿ ಇಂಥ ರೋಗಿಗಳ ಶುಶ್ರೂಷೆ ಮಾಡುವ ಕೆಲಸದಲ್ಲಿರುವ ನರ್ಸ್ ನಾನು. ಈ ಕೆಲಸ ಏನು, ಇದನ್ನು ಕಲಿಯುವುದು ಹೇಗೆ, ಚಾಮರಾಜನಗರ, ಗುಂಡ್ಲುಪೇಟೆಯಂಥ ನಮ್ಮ ಊರುಗಳಿಗೆ ಇದು ಏಕೆ ಬೇಕು ಎಂಬುದನ್ನು ಈ ದಿನ ನಿಮ್ಮ ಮುಂದಿಡುತ್ತೇನೆ.

ಮೊದಲು ಸ್ವಲ್ಪ ಇತಿಹಾಸ. ಆಧುನಿಕ ಹಾಸ್ಪಿಸ್‌ಗೆ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಹುಟ್ಟಿದ್ದು 1918ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಲೇಜು ವಿದ್ಯಾಭ್ಯಾಸವನ್ನು ಅರ್ಧಕ್ಕೆ ನಿಲ್ಲಿಸಿ ನರ್ಸಿಂಗ್ ಕಲಿತರು. ಬೆನ್ನುನೋವಿನಿಂದಾಗಿ ಆ ಕೆಲಸದಲ್ಲಿ ಮುಂದುವರಿಯಲಾಗಲಿಲ್ಲ. ಆಸ್ಪತ್ರೆಯಲ್ಲೇ ರೋಗಿಗಳ ಕಷ್ಟಸುಖ ವಿಚಾರಿಸುವ ಸಮಾಜಸೇವಕಿಯಾದರು. ಅಲ್ಲಿ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ನಿರಾಶ್ರಿತನೊಬ್ಬ ಕ್ಯಾನ್ಸರಿನಿಂದ ಸಾಯುತ್ತಿದ್ದ. ಸಾಯುವವರಿಗಾಗಿ ಒಂದು ಒಳ್ಳೆಯ ಮನೆ ಕಟ್ಟಬೇಕೆಂಬ ಕನಸನ್ನು ಅವರಿಬ್ಬರೂ ಮಾತಾಡಿಕೊಂಡರು. 1948ರಲ್ಲಿ ಆತ ತೀರಿಕೊಂಡಾಗ, ಆ ಮನೆಗೊಂದು ಕಿಟಕಿಯಾಗಲಿ ಎಂದು 500 ಪೌಂಡು ಬಿಟ್ಟುಹೋಗಿದ್ದ. ಸಾಂಡರ್ಸ್ ನಂತರ ವೈದ್ಯಕೀಯವನ್ನೂ ಓದಿ 1957ರಲ್ಲಿ ವೈದ್ಯೆಯಾದರು. ಕಿಟಕಿಯ ಸುತ್ತ ಮನೆ ಕಟ್ಟಲು ಹತ್ತೊಂಬತ್ತು ವರ್ಷ ಹಿಡಿಯಿತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯಿತು.

ಅವರು ಕಲಿಸಿದ್ದು ಮುಖ್ಯವಾಗಿ ಎರಡು ಪಾಠ. ಒಂದು, ನೋವು ಬಂದ ಮೇಲೆ ಔಷಧಿ ಕೊಡಬಾರದು. ನೋವು ಮರುಕಳಿಸುವ ಮುನ್ನವೇ, ಗಡಿಯಾರ ನೋಡಿ ಕೊಡಬೇಕು. ಎರಡು, ನೋವೆಂಬುದು ಶರೀರಕ್ಕೆ ಮಾತ್ರ ಸೇರಿದ್ದಲ್ಲ. ಮನಸ್ಸಿನ ನೋವು, ಸಂಸಾರದ ಮತ್ತು ಹಣಕಾಸಿನ ನೋವು, 'ನನಗೇ ಏಕೆ ಹೀಗಾಯಿತು' ಎಂಬ ಆತ್ಮದ ನೋವು, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇದನ್ನು ಅವರು ಸಮಗ್ರ ನೋವು ಎಂದು ಕರೆದರು.

ಭಾರತದ ಮೊದಲ ಹಾಸ್ಪಿಸ್ ಶಾಂತಿ ಆವೇದನಾ ಸದನ. ಅದನ್ನು ಡಾ. ಎಲ್. ಜೆ. ಡಿಸೋಜಾ 1986ರಲ್ಲಿ ಮುಂಬಯಿಯಲ್ಲಿ ಆರಂಭಿಸಿದರು. 1994ರಲ್ಲಿ ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘ ಹುಟ್ಟಿತು. ಅದೇ ವರ್ಷ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪನೆಯಾಯಿತು. ಅದರ 'ಕರುಣಾಶ್ರಯ' ಮಾರತ್ತಹಳ್ಳಿಯ ಬಳಿ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ. ಮೈಸೂರು ಭಾಗದಲ್ಲಿ, 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ರೋಗಿಗಳ ಮನೆಗೇ ಹೋಗಿ ಉಪಶಮನ ಆರೈಕೆ ನೀಡುತ್ತಿದೆ. ಕೇಂದ್ರ ಸರ್ಕಾರ 2012ರಲ್ಲಿ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು.

ಆದರೂ ಅಗತ್ಯಕ್ಕೂ ಸೌಲಭ್ಯಕ್ಕೂ ನಡುವೆ ದೊಡ್ಡ ಕಂದರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಉಪಶಮನ ಆರೈಕೆ ಬೇಕಾಗುತ್ತದೆ. ಬೇಕಾದವರಲ್ಲಿ ನೂರಕ್ಕೆ 14 ಜನರಿಗಷ್ಟೇ ಅದು ದೊರೆಯುತ್ತಿದೆ.

ಈಗ ನಮ್ಮ ಜಿಲ್ಲೆಯತ್ತ ನೋಡೋಣ. ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. 2016ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಇದು ದೊಡ್ಡ ಅನುಕೂಲ. ಆದರೂ ಕ್ಯಾನ್ಸರಿನಂಥ ಕಾಯಿಲೆಗೆ ಗುಂಡ್ಲುಪೇಟೆಯ ರೈತ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೋ, 200 ಕಿಲೋಮೀಟರ್ ಆಸುಪಾಸಿನ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವುದು ರೂಢಿ. ಹೋಗುವಾಗ ಜೊತೆಗೊಬ್ಬರು ಬೇಕು. ಇಬ್ಬರ ಬಸ್ ಚಾರ್ಜು, ಇಬ್ಬರ ಊಟ, ಇಬ್ಬರ ಕೂಲಿ ನಷ್ಟ. ಅರಿಸಿನ, ಚೆಂಡುಹೂವು, ಸೂರ್ಯಕಾಂತಿಯ ಹೊಲಗಳಲ್ಲಿ ದಿನಗೂಲಿ ಮಾಡುವವರಿಗೆ ಇದು ಸಣ್ಣ ಲೆಕ್ಕವಲ್ಲ. ಚಿಕಿತ್ಸೆ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹಸು ಮಾರಿರುತ್ತಾರೆ, ಸಂಘದ ಸಾಲ ಬೆಳೆದಿರುತ್ತದೆ. 'ಮನೆಗೆ ಕರೆದುಕೊಂಡು ಹೋಗಿ' ಎಂಬ ಮಾತು ಬರುವುದು ಕೈ ಬರಿದಾದ ಮೇಲೆ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಕೇರಳದ ವಯನಾಡು. ಸುಲ್ತಾನ್ ಬತ್ತೇರಿ ಮೈಸೂರಿಗಿಂತ ದೂರವೇನಲ್ಲ. ಅಲ್ಲಿ ಪರಿಸ್ಥಿತಿ ಬೇರೆ. 1993ರಲ್ಲಿ ಕ್ಯಾಲಿಕಟ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಒಂದು ಚಿಕ್ಕ ನೋವು ನಿವಾರಣಾ ಕ್ಲಿನಿಕ್ ತೆರೆದರು. ಆಸ್ಪತ್ರೆಯಲ್ಲಿ ಕುಳಿತರೆ ಹಾಸಿಗೆ ಹಿಡಿದವರು ತಮ್ಮ ಬಳಿ ಬರಲಾರರು ಎಂದು ಅವರಿಗೆ ಬೇಗ ಅರಿವಾಯಿತು. ಮುಂದಿನ ವರ್ಷಗಳಲ್ಲಿ ಊರೂರಿನ ಸ್ವಯಂಸೇವಕರ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ ತರಬೇತಿ ನೀಡಿದರು. ಅಂಗಡಿಯವರು, ಆಟೋ ಚಾಲಕರು, ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಸೇರಿಕೊಂಡರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಅದರ ಫಲವಾಗಿ ಗ್ರಾಮ ಪಂಚಾಯಿತಿಗಳು ಪ್ಯಾಲಿಯೇಟಿವ್ ನರ್ಸ್ ಒಬ್ಬರನ್ನು ನೇಮಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮನೆಮನೆಗೆ ಕಳುಹಿಸುತ್ತವೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಒಳ್ಳೆಯ ವಿಚಾರಗಳು ಆ ಕಾಡನ್ನು ದಾಟಿ ಬರಲು ಯಾವ ನಿರ್ಬಂಧವೂ ಇಲ್ಲ.

ಹಾಗೆ ಮನೆಗೆ ಹೋದ ನರ್ಸ್ ಮಾಡುವುದೇನು? ರೋಗಿಯ ಗುಟ್ಟನ್ನು ಕಾಯುವುದು ನಮ್ಮ ವೃತ್ತಿಧರ್ಮ. ಆದ್ದರಿಂದ ಹಲವು ಮನೆಗಳಲ್ಲಿ ಕಂಡದ್ದನ್ನು ಕೂಡಿಸಿ ಒಂದೇ ಮನೆಯೆಂಬಂತೆ ಹೇಳುತ್ತೇನೆ. ತೆರಕಣಾಂಬಿ ಕಡೆಯ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಎಪ್ಪತ್ತು ದಾಟಿದ ಯಜಮಾನರು. ಚಿಕ್ಕಂದಿನಿಂದ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕಿದವರು. ಕೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ತಿಳಿದಾಗ ತಡವಾಗಿತ್ತು. ಕರೆಂಟು ಕೊಡಿಸಿದ್ದಾಯಿತು; ಹಳ್ಳಿಯಲ್ಲಿ ರೇಡಿಯೇಷನ್ ಚಿಕಿತ್ಸೆಗೆ ಹಾಗೆನ್ನುತ್ತಾರೆ. ಈಗ ಹುಣ್ಣು ಕೆನ್ನೆಯನ್ನು ತೂತು ಮಾಡಿ ಹೊರಬಂದಿದೆ. ವಾಸನೆಗೆ ಹೆದರಿ ಮೊಮ್ಮಕ್ಕಳು ಹತ್ತಿರ ಸುಳಿಯುವುದಿಲ್ಲ. ಹಿಂದಿನ ಕೊಟ್ಟಿಗೆಯ ಪಕ್ಕ ಮಂಚ ಹಾಕಿದ್ದಾರೆ. ತಟ್ಟೆ ಲೋಟ ಬೇರೆ.

ನರ್ಸ್ ಮೊದಲು ಮಾಡುವ ಕೆಲಸ ಚೀಲ ಬಿಚ್ಚುವುದಲ್ಲ. ಮಂಚದ ಪಕ್ಕ ಕುಳಿತುಕೊಳ್ಳುವುದು. ಮೂಗಿಗೆ ಬಟ್ಟೆ ಒತ್ತಿಕೊಳ್ಳದೆ, ಮುಖ ತಿರುಗಿಸದೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿಸುವುದು. ಬಹಳ ದಿನಗಳಿಂದ ಯಾರೂ ಅವರ ಪಕ್ಕ ಹೀಗೆ ಕುಳಿತಿರುವುದಿಲ್ಲ.

ಆಮೇಲೆ ನೋವಿನ ಅಳತೆ. ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ನೋವು ಎಷ್ಟು ಎಂದು ಕೇಳಬೇಕೆಂದು ಪಾಠ ಹೇಳುತ್ತದೆ. ಹಳ್ಳಿಯ ಹಿರಿಯರಿಗೆ ಬೇರೆ ಅಳತೆ ಸುಲಭ. ಆಣೆಗಳು ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾದರೂ ಮಾತಿನಲ್ಲಿ ಉಳಿದಿವೆ.

"ಅಪ್ಪಾಜಿ, ರೂಪಾಯಿಗೆ ಹದಿನಾರಾಣೆ ಅಂದ್ರೆ, ಈಗ ಎಷ್ಟಾಣೆ ನೋವದೆ?"

"ಹದ್ನಾಕಾಣೆ ಕನವ್ವ. ರಾತ್ರಿ ಆಯ್ತು ಅಂದ್ರೆ ಪೂರ್ತಿ ರೂಪಾಯಿ."

ಇದನ್ನು ನರ್ಸ್ ಬರೆದುಕೊಳ್ಳುತ್ತಾಳೆ. ಎಲ್ಲಿ ನೋವು, ಉರಿಯೋ, ಸೆಳೆತವೋ, ಯಾವ ಹೊತ್ತಿಗೆ ಹೆಚ್ಚು, ನಿದ್ರೆ ಎಷ್ಟು ಗಂಟೆ, ಎಲ್ಲವನ್ನೂ ಕೇಳಿ ವೈದ್ಯರಿಗೆ ತಿಳಿಸುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ನೋವಿನ ಚಿಕಿತ್ಸೆಗೆ ಮೂರು ಮೆಟ್ಟಿಲುಗಳ ಏಣಿಯೊಂದನ್ನು ಸೂಚಿಸಿತು. ಮೊದಲ ಮೆಟ್ಟಿಲು ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಔಷಧಿ. ನಡುವೆ ಅದಕ್ಕಿಂತ ಬಲವಾದದ್ದು. ಮೇಲಿನ ಮೆಟ್ಟಿಲು ಮಾರ್ಫಿನ್. ಯಾವ ಔಷಧಿ, ಎಷ್ಟು ಎಂದು ಬರೆದುಕೊಡುವವರು ವೈದ್ಯರು. ಆದರೆ ಅದು ಸರಿಯಾದ ಹೊತ್ತಿಗೆ ರೋಗಿಯ ಹೊಟ್ಟೆ ಸೇರುವಂತೆ ಮಾಡುವವಳು ನರ್ಸ್.

ಮಾರ್ಫಿನ್ ಎಂದೊಡನೆ ಮನೆಯವರು ಹಿಂಜರಿಯುತ್ತಾರೆ. ಅಮಲು ಹತ್ತುತ್ತದೆಯೇ, ಜೀವ ಬೇಗ ಹೋಗುತ್ತದೆಯೇ ಎಂದು ಕೇಳುತ್ತಾರೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ಹೀಗೆ ಕೊಟ್ಟಾಗ ಚಟವಾಗುವುದೂ ಅಪರೂಪ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಓದು ಬಾರದ ಹೆಂಡತಿಗೆ ನರ್ಸ್ ಒಂದು ಹಾಳೆಯಲ್ಲಿ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ಚಂದ್ರ ಎಂದು ಚಿತ್ರ ಬರೆದು, ಪಕ್ಕದಲ್ಲಿ ಮಾತ್ರೆಯ ಗುರುತು ಹಾಕಿಕೊಡುತ್ತಾಳೆ. ಮಾರ್ಫಿನ್ ಮಲಬದ್ಧತೆ ತರುತ್ತದೆ, ಹಾಗಾಗಿ ಅದರ ಜೊತೆಗೇ ಭೇದಿಗೆ ಔಷಧಿ ಇರಲೇಬೇಕು. ಇದನ್ನು ಮರೆತರೆ ಒಂದು ನೋವು ಹೋಗಿ ಇನ್ನೊಂದು ಬರುತ್ತದೆ. ಉಳಿದ ಮಾತ್ರೆಗಳಿಗೆಲ್ಲ ಲೆಕ್ಕವಿರಬೇಕು.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ನೀವು ತಿಳಿಯಬೇಕು. ಮಾರ್ಫಿನ್ ತಯಾರಾಗುವುದು ಗಸಗಸೆ ಗಿಡದ ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದು ರೈತರು ಅದನ್ನು ಬೆಳೆಯುತ್ತಾರೆ. ಔಷಧಿಗಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆದರೆ 1985ರ ಮಾದಕ ವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಮಾರ್ಫಿನ್ ಇಡಲು ಹೆದರಿದವು. ಅಫೀಮು ಬೆಳೆಯುವ ದೇಶದ ರೋಗಿ ನೋವಿನಲ್ಲಿ ನರಳುವಂತಾಯಿತು. ಉಪಶಮನ ಆರೈಕೆಯ ವೈದ್ಯರು ವರ್ಷಗಟ್ಟಲೆ ಪ್ರಯತ್ನ ಮಾಡಿದ ಮೇಲೆ 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ದಾರಿ ಸುಗಮವಾಯಿತು.

ಮತ್ತೆ ಆ ಮನೆಗೆ ಬರೋಣ. ಗಾಯ ತೊಳೆಯುವುದಕ್ಕೆ ಮೊದಲು ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಕಾಯಬೇಕು. ಒಣಗಿ ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಉಪ್ಪುನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಗಾಯದ ದುರ್ವಾಸನೆಗೆ ಕಾರಣ ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು. ಮೆಟ್ರೋನಿಡಝೋಲ್ ಎಂಬ ಕಡಿಮೆ ಬೆಲೆಯ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಪುಡಿಮಾಡಿ ಗಾಯದ ಮೇಲೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ರಕ್ತ ಬರುವ ಸಂಭವವಿದ್ದರೆ ಮನೆಯಲ್ಲಿ ಒಂದೆರಡು ಕಡುಬಣ್ಣದ ಟವೆಲ್ ಇಟ್ಟಿರಲು ಹೇಳುತ್ತೇವೆ. ಬಿಳಿ ಬಟ್ಟೆಯ ಮೇಲೆ ಕಾಣುವ ಕೆಂಪು ರೋಗಿಯನ್ನೂ ಮನೆಯವರನ್ನೂ ಗಾಬರಿಪಡಿಸುತ್ತದೆ. ಮೂಗಿನ ನಳಿಕೆಯಲ್ಲಿ ಆಹಾರ ಹೋಗಬೇಕಾದರೆ, ರಾಗಿ ಗಂಜಿಯನ್ನು ತೆಳ್ಳಗೆ ಸೋಸುವುದು, ತಲೆಯ ಭಾಗ ಎತ್ತರಿಸಿ ಕೂರಿಸುವುದು, ಕೊನೆಗೆ ನೀರು ಹಾಕಿ ನಳಿಕೆ ತೊಳೆಯುವುದು, ಇವನ್ನೆಲ್ಲ ಸೊಸೆಗೆ ಕೈಹಿಡಿದು ಕಲಿಸಬೇಕು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹಾಸಿಗೆ ಹುಣ್ಣು ಬಾರದಂತೆ ತಡೆಯಬಹುದು. ನರ್ಸ್ ವಾರಕ್ಕೊಮ್ಮೆಯೋ ಎರಡು ಸಲವೋ ಬರಬಲ್ಲಳು. ಉಳಿದ ದಿನಗಳ ನರ್ಸ್ ಆ ಮನೆಯವರೇ. ಆದ್ದರಿಂದ ಮಾಡುವಷ್ಟೇ ಕಲಿಸುವುದೂ ಈ ವೃತ್ತಿಯಲ್ಲಿ ಮುಖ್ಯ.

ಹದಿನೈದು ದಿನಗಳ ನಂತರ ಹೋದಾಗ ಮಂಚ ನಡುಮನೆಗೆ ಬಂದಿರುತ್ತದೆ. ಮೊಮ್ಮಗಳು ತಾತನ ಕಾಲ ಬಳಿ ಕುಳಿತು ಶಾಲೆಯ ಲೆಕ್ಕ ಬರೆಯುತ್ತಿರುತ್ತಾಳೆ. ನೋವು ಹದಿನಾಲ್ಕಾಣೆಯಿಂದ ನಾಲ್ಕಾಣೆಗೆ ಇಳಿದಿರುತ್ತದೆ. ಕಾಯಿಲೆ ಹಾಗೆಯೇ ಇದೆ. ಆದರೆ ಆ ಮನುಷ್ಯ ತನ್ನ ಮನೆಯೊಳಗೆ ಮರಳಿ ಬಂದಿದ್ದಾರೆ. ಇದೇ ಈ ಶುಶ್ರೂಷೆಯ ಫಲ.

ಔಷಧಿಗಿಂತ ಕಷ್ಟವಾದದ್ದು ಮಾತು. ಮಗ ಹಿತ್ತಿಲ ಕಡೆ ಕರೆದು, "ಅಪ್ಪನ್ಗೆ ಕ್ಯಾನ್ಸರ್ ಅಂತ ಮಾತ್ರ ಹೇಳ್ಬೇಡಿ ಸಿಸ್ಟರ್, ತಿಳಿದ್ರೆ ಎದೆ ಒಡ್ಕೊಂಡ್ಬುಡ್ತಾರೆ" ಎನ್ನುತ್ತಾನೆ. ಒಳಗೆ ಬಂದರೆ ಅಪ್ಪ ಮೆಲುದನಿಯಲ್ಲಿ, "ನಂಗೆಲ್ಲ ಗೊತ್ತು ಕನವ್ವ. ನನ್ ಮಗನ್ಗೆ ಹೇಳ್ಬೇಡಿ, ಅವ್ನು ಎದೆಗುಂದ್ತಾನೆ" ಎನ್ನುತ್ತಾರೆ. ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತ ಒಂಟಿಯಾಗಿರುತ್ತಾರೆ. ಹೀಗಿರುವಾಗ ಜಮೀನು ಯಾರಿಗೆ, ಮಗಳ ಮದುವೆಯ ಸಾಲ ತೀರಿಸುವುದು ಹೇಗೆ, ಕೊನೆಯಾಸೆ ಏನು, ಒಂದನ್ನೂ ಮಾತಾಡಲಾಗುವುದಿಲ್ಲ. ನರ್ಸ್ ಸುಳ್ಳು ಹೇಳುವುದಿಲ್ಲ; ಕೇಳದವರ ಮೇಲೆ ಸತ್ಯವನ್ನು ಹೇರುವುದೂ ಇಲ್ಲ. "ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಅನ್ಸುತ್ತೆ?" ಎಂದು ಕೇಳಿ ಸುಮ್ಮನೆ ಕಾಯುತ್ತಾಳೆ. ಆ ಮೌನವನ್ನು ತಡೆದುಕೊಳ್ಳಲು ಅಭ್ಯಾಸ ಬೇಕು. ಇಬ್ಬರಿಗೂ ಗೊತ್ತಿದೆ ಎಂಬುದನ್ನು ಇಬ್ಬರ ಒಪ್ಪಿಗೆ ಪಡೆದು ಒಟ್ಟಿಗೆ ಕೂರಿಸಿ ಮಾತಾಡಿಸಿದ ದಿನ ಅಳುವೂ ಬರುತ್ತದೆ, ಹಗುರವೂ ಆಗುತ್ತದೆ.

ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತಿದ್ದೆ, ತೀರಿಸಲಾಗಲಿಲ್ಲ, ಅದಕ್ಕೇ ಮಾದಪ್ಪ ಮುನಿದ ಎಂದು ಕೊರಗುವವರಿದ್ದಾರೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಆ ನೋವಿಗೆ ಔಷಧಿಯೇ ಇಲ್ಲ. ಹೋಗುವ ಶಕ್ತಿಯಿಲ್ಲದಿದ್ದರೆ ಮನೆಯವರು ಒಬ್ಬರು ಹೋಗಿ ಹರಕೆ ತೀರಿಸಿ ಪ್ರಸಾದ ತಂದರೆ ಎಷ್ಟೋ ರಾತ್ರಿಗಳ ನಿದ್ರೆ ಮರಳುತ್ತದೆ. ಸಂಧ್ಯಾ ಸುರಕ್ಷಾ, ಅಂಗವಿಕಲ, ವಿಧವಾ ವೇತನಗಳಿಗೆ ಅರ್ಜಿ ಹಾಕಿಸುವುದೂ, ಮಕ್ಕಳು ಶಾಲೆ ಬಿಡದಂತೆ ನೋಡುವುದೂ ಆರೈಕೆಯ ಭಾಗವೇ. ಸಾಂಡರ್ಸ್ ಹೇಳಿದ ಸಮಗ್ರ ನೋವು ಎಂದರೆ ಇದೇ.

ಕೊನೆಯ ದಿನಗಳು ಬಂದಾಗ ರೋಗಿ ಊಟ ಬೇಡವೆನ್ನುತ್ತಾರೆ, ಹೆಚ್ಚು ಹೊತ್ತು ನಿದ್ರಿಸುತ್ತಾರೆ, ಉಸಿರಾಟದ ಲಯ ಬದಲಾಗುತ್ತದೆ, ಗಂಟಲಲ್ಲಿ ಸದ್ದು ಬರುತ್ತದೆ. ಇದು ಶರೀರ ಮುಚ್ಚಿಕೊಳ್ಳುವ ರೀತಿ ಎಂದು ಮುಂಚೆಯೇ ತಿಳಿಸಿದ್ದರೆ ಮನೆಯವರು ಹೆದರಿ ನಡುರಾತ್ರಿ ಗಾಡಿ ಮಾಡಿಕೊಂಡು ಓಡುವುದಿಲ್ಲ. ಬಾಯಿಗೆ ನೀರು ಬಿಡುವುದು ನಮ್ಮ ಸಂಪ್ರದಾಯ. ನುಂಗಲಾರದವರಿಗೆ ಲೋಟದಿಂದ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡಿದರೆ ಸಂಪ್ರದಾಯವೂ ಉಳಿಯುತ್ತದೆ, ತೊಂದರೆಯೂ ಇಲ್ಲ. ಸಾವಿನ ನಂತರವೂ ಒಮ್ಮೆ ಆ ಮನೆಗೆ ಹೋಗಿ ಹೆಂಡತಿಯನ್ನು, ಮಕ್ಕಳನ್ನು ಮಾತಾಡಿಸಿ ಬರುತ್ತೇವೆ. ಸೇವೆ ರೋಗಿಗೆ ಮಾತ್ರವಲ್ಲ, ಉಳಿದವರಿಗೂ.

ಇದು ದಯಾಮರಣವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲ. ಉಪಶಮನ ಆರೈಕೆ ಸಾವನ್ನು ಬೇಗ ತರುವುದೂ ಇಲ್ಲ, ಯಂತ್ರಗಳಿಂದ ಎಳೆದು ಮುಂದೂಡುವುದೂ ಇಲ್ಲ. ಚೇತರಿಸುವ ಆಸೆಯೇ ಇಲ್ಲದ ರೋಗಿಯ ಜೀವರಕ್ಷಕ ಯಂತ್ರಗಳನ್ನು ತೆಗೆಯುವ ಪ್ರಶ್ನೆ ಬೇರೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಿದ ನಂತರವೇ ಹಾಗೆ ಮಾಡಲು ಅವಕಾಶ. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಈ ಆರೈಕೆ ಕ್ಯಾನ್ಸರಿಗೆ ಮಾತ್ರ ಎಂದೂ ತಿಳಿಯಬೇಡಿ. ಪಾರ್ಶ್ವವಾಯು ಹೊಡೆದು ಮಲಗಿದವರು, ಮರದಿಂದ ಬಿದ್ದು ಬೆನ್ನುಹುರಿ ಮುರಿದವರು, ಮೂತ್ರಪಿಂಡ ಸೋತವರು, ಬೀಡಿ ಮತ್ತು ಒಲೆಯ ಹೊಗೆಯಿಂದ ಶ್ವಾಸಕೋಶ ಕೆಟ್ಟವರು, ಎಲ್ಲರಿಗೂ ಇದು ಬೇಕು. ನಮ್ಮ ಜಿಲ್ಲೆಯ ಸೋಲಿಗರು, ಜೇನುಕುರುಬರಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಕಾಣಿಸುತ್ತದೆ. ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಮಕ್ಕಳಿಗೂ ಸಹಿಸಲಾಗದ ಮೂಳೆನೋವು ಬರುತ್ತದೆ. 2023ರಲ್ಲಿ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿ, ಆರೋಗ್ಯ ಸೇವೆಯೇ ಪೋಡುಗಳಿಗೆ ನಡೆದು ಹೋಗಬೇಕೆಂದು ತೋರಿಸಿದರು. ಆ ಪಾಠ ಉಪಶಮನ ಆರೈಕೆಗೂ ಸಲ್ಲುತ್ತದೆ.

ಈ ಕೆಲಸಕ್ಕೆ ಬರುವುದು ಹೇಗೆ? ಪಿಯುಸಿ ನಂತರ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಾಡಬೇಕು. ಬಿ.ಎಸ್ಸಿ.ಗೆ ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರ ಓದಿರಬೇ���ು. ತೇರ್ಗಡೆಯಾದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರೇ ರಿಜಿಸ್ಟರ್ಡ್ ನರ್ಸ್. ಆಮೇಲೆ ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘದ ಸರ್ಟಿಫಿಕೇಟ್ ಕೋರ್ಸಿನಂಥ ತರಬೇತಿಗಳಿವೆ. ಹುಡುಗರಿಗೂ ಇಲ್ಲಿ ಸಮಾನ ಅವಕಾಶವಿದೆ. ಭಾರವಾದ ರೋಗಿಯನ್ನು ಎತ್ತಿ ಮಗ್ಗುಲು ಬದಲಿಸುವಾಗ ಅವರ ನೆರವು ದೊಡ್ಡದು. ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳು ನೀಡಬೇಕಾದ ಸೇವೆಗಳ ಪಟ್ಟಿಯಲ್ಲಿ ವೃದ್ಧರ ಹಾಗೂ ಉಪಶಮನ ಆರೈಕೆಯೂ ಸೇರಿದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೆ ನರ್ಸಿಂಗ್ ಪದವೀಧರರು ಬರಬಹುದು.

ಪುಸ್ತಕದ ಓದಿನ ಜೊತೆಗೆ ಬೇಕಾದ ಗುಣಗಳೂ ಇವೆ. ಕೇಳುವ ತಾಳ್ಮೆ, ಅಸಹ್ಯಪಡದ ಕೈ, ಲೆಕ್ಕದಲ್ಲಿ ಕಟ್ಟುನಿಟ್ಟು. ದಿನವೂ ಸಾವನ್ನು ನೋಡಿ ಮನಸ್ಸು ಕಲ್ಲಾಗುವುದಿಲ್ಲವೇ ಎಂದು ಕೇಳುತ್ತಾರೆ. ಕಲ್ಲಾಗಬಾರದು, ಕರಗಿ ಹೋಗಲೂಬಾರದು. ಅದಕ್ಕಾಗಿಯೇ ಈ ಕೆಲಸವನ್ನು ತಂಡವಾಗಿ ಮಾಡುತ್ತೇವೆ. ಸಂಜೆ ವೈದ್ಯರು, ನರ್ಸ್, ಸ್ವಯಂಸೇವಕರು, ವಾಹನದ ಚಾಲಕ ಒಟ್ಟಿಗೆ ಕುಳಿತು ಆ ದಿನದ ಮನೆಗಳ ಬಗ್ಗೆ ಮಾತಾಡುತ್ತೇವೆ. ಕಣ್ಣೀರು ಬಂದರೆ ಯಾರೂ ನಾಚುವುದಿಲ್ಲ.

ಇಂಥ ತಂಡ ಇನ್ನೂ ನಮ್ಮ ಎಲ್ಲ ಹಳ್ಳಿಗಳನ್ನು ತಲುಪಿಲ್ಲ. ದೂರದ ನಗರದಿಂದ ನರ್ಸ್ ಬಂದು ಬೇಗೂರಿನಲ್ಲೋ ಹರದನಹಳ್ಳಿಯಲ್ಲೋ ನೆಲೆಸುವರೆಂದು ಕಾಯುವುದು ಸುಲಭವಲ್ಲ. ಹದಿನಾಲ್ಕಾಣೆ ನೋವು ಎಂದರೆ ಎಷ್ಟು, ಮಾದಪ್ಪನ ಹರಕೆ ಎಂದರೆ ಏನು ಎಂದು ವಿವರಣೆಯಿಲ್ಲದೆ ತಿಳಿಯುವವರು ಈ ಮಣ್ಣಿನ ಮಕ್ಕಳೇ. ಆದ್ದರಿಂದ ನಿಮ್ಮಲ್ಲಿ ಕೆಲವರಾದರೂ ನರ್ಸಿಂಗ್ ಓದಿ, ಈ ಶಾಖೆಯನ್ನು ಆರಿಸಿಕೊಂಡು, ಊರಿಗೆ ಮರಳಬೇಕು.

ಉಳಿದವರಿಗೂ ಕೆಲಸವಿದೆ. ಅದಕ್ಕೆ ಡಿಗ್ರಿ ಬೇಡ. ನಿಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ ಎಂದು ತಿಳಿದುಕೊಳ್ಳಿ. ಆಶಾ ಕಾರ್ಯಕರ್ತೆಗೆ ತಿಳಿಸಿ. ವಾರಕ್ಕೆ ಎರಡು ಗಂಟೆ ಅವರ ಪಕ್ಕ ಕುಳಿತು ಪತ್ರಿಕೆ ಓದಿ ಹೇಳಿ. ಅಷ್ಟು ಹೊತ್ತು ಅವರನ್ನು ನೋಡಿಕೊಳ್ಳುವ ತಾಯಿಯೋ ಸೊಸೆಯೋ ಸ್ನಾನ ಮಾಡಿ ಒಂದು ನಿದ್ರೆ ತೆಗೆಯಲಿ. ಔಷಧಿ ತರಲು ಪೇಟೆಗೆ ಹೋಗಿಬನ್ನಿ. ನಿಮ್ಮ ಮನೆಯಲ್ಲಿ ಯಾರಾದರೂ ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತಿದ್ದು ಬಾಯಲ್ಲಿ ಎರಡು ಮೂರು ವಾರ ಮಾಯದ ಹುಣ್ಣಿದ್ದರೆ ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇಗ ಕಂಡರೆ ಅದು ಗುಣವಾಗುವ ಕಾಯಿಲೆ. ಪ್ರತಿವರ್ಷ ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ವಿಶ್ವ ಹಾಸ್ಪಿಸ್ ಮತ್ತು ಪ್ಯಾಲಿಯೇಟಿವ್ ಕೇರ್ ದಿನ. ಆ ದಿನ ನಿಮ್ಮ ಶಾಲೆ ಕಾಲೇಜುಗಳಲ್ಲಿ ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಒಬ್ಬರನ್ನು ಕರೆಸಿ ಮಾತಾಡಿಸಿ. ಅವರ ಬಳಿ ಹೇಳಲು ಬಹಳಷ್ಟಿರುತ್ತದೆ.